ಕೂಸಿಗೆ ಮಾತ್ರ ಗೊತ್ತಿದ್ದ ಹೆಸರು

ಗೋವೆಯ ಕುಂಕಳ್ಳಿಯಲ್ಲಿ ನಾವು ಆರು ವರ್ಷದಲ್ಲಿ ಆರು ಬಾಡಿಗೆ ಖೋಲಿ ಬದಲಿಸಿದೆವು. ಹನ್ನೊಂದು ತಿಂಗಳು ತುಂಬುತ್ತಿದ್ದಂತೆ ಮನೆ ಮಾಲಕರು ಬಾಗಿಲಲ್ಲಿ ನಿಂತು, ಮಗನ ಮದುವೆ ಇದೆ, ಖೋಲಿ ಬೇಕು ಎನ್ನುತ್ತಿದ್ದರು. ಬಾಡಿಗೆಯವರು ಹೆಚ್ಚು ದಿನ ಇದ್ದರೆ ಬೇರು ಬಿಡುತ್ತಾರೆಂಬ ಹೆದರಿಕೆ ಅವರಿಗೆ. ಅವರಲ್ಲೊಬ್ಬರ ಮಗನಿಗಂತೂ ನನಗೆ ತಿಳಿದ ಮಟ್ಟಿಗೆ ಇವತ್ತಿಗೂ ಮದುವೆಯಾಗಿಲ್ಲ. ಹೀಗೆ ತಿರುಗುತ್ತಿದ್ದುದರಿಂದ ವಿಜಯಪುರದ ಕಡೆಯ ನಮ್ಮೂರಿನಿಂದ ಬಂದ ಪತ್ರಗಳು ಯಾವಾಗಲೂ ಹಿಂದಿನ ಖೋಲಿಗೇ ಹೋಗಿ ಬೀಳುತ್ತಿದ್ದವು. ನನ್ನ ಚಿಕ್ಕಪ್ಪನ ಮಗಳ ಲಗ್ನಪತ್ರಿಕೆ ನನ್ನ ಕೈ ಸೇರುವಷ್ಟರಲ್ಲಿ ಅವಳು ಬಸುರಿಯಾಗಿದ್ದಳು. ಅದಕ್ಕೇ ನಮ್ಮ ಪಾಲಿಗೆ ಇಮೇಲ್ ವಿಳಾಸ ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ. ಖಾಲಿ ಮಾಡಿ ಎಂದು ಯಾರೂ ಹೇಳಲಾಗದ ಮೊದಲ ವಿಳಾಸ ಅದು.

ಅದನ್ನು ಮಾಡಿಕೊಟ್ಟವರು ಪೇಟೆಯಲ್ಲಿ ಸೈಬರ್ ಕೆಫೆ ನಡೆಸುತ್ತಿದ್ದ ಗೋವೆಯ ಹಿರಿಯರೊಬ್ಬರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಹಿಂದಿ, ಕಂಪ್ಯೂಟರ್ ಕೆಟ್ಟಾಗ ಎರಡೂ ಅಲ್ಲದ ಯಾವುದೋ ಭಾಷೆ. ನನ್ನ ಗಂಡನ ಹೆಸರು ಹೊಡೆದರೆ, ಅದನ್ನು ಬೇರೆ ಯಾರೋ ಮೊದಲೇ ಹಿಡಿದಿದ್ದಾರೆ ಎಂದಿತು ಕಂಪ್ಯೂಟರ್. ಕೊನೆಗೆ ಹೆಸರಿನ ಮುಂದೆ ಊರು, ಊರಿನ ಮುಂದೆ ಅವರು ದಿನಾ ವೆರ್ಣಾದ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸಿನ ನಂಬರ್ ಸೇರಿಸಿದ ಮೇಲೆ ಒಪ್ಪಿತು.

ನಾವು ಮನೆಗೆ ಬಂದ ಮೇಲೆ ನಮ್ಮ ಅತ್ತೆ ಕೇಳಿದರು. ‘ಈ ಅಡ್ರೆಸ್ ಎಲ್ಲಿ ಬರ್ತೈತಿ? ಮಡಗಾಂವ ದಾಟಿ ಏನು?’

‘ಎಲ್ಲೂ ಬರಂಗಿಲ್ಲವ್ವ’ ಎಂದರು ಇವರು. ‘ನಾವು ಎಲ್ಲಿರತೇವೋ ಅಲ್ಲೇ ಇರತೈತಿ.’

‘ಹಂಗಾದ್ರ ಚಲೋ ಆತು’ ಎಂದು ಅತ್ತೆ ಎಲೆಗೆ ಸುಣ್ಣ ಹಚ್ಚಿದರು.

ಇಷ್ಟೆಲ್ಲ ಮಾಡಿದ್ದು ಇವರ ಅಕ್ಕನಿಗಾಗಿ. ಅಕ್ಕ ಕುಂಕಳ್ಳಿಯ ಒಂದು ಕ್ರಿಶ್ಚನ್ ಮನೆಯಲ್ಲಿ ಎಂಟು ವರ್ಷ ಕೆಲಸಕ್ಕಿದ್ದಳು. ಆ ಮನೆಯ ಬಾಯಿ, ಅಂದರೆ ಯಜಮಾನಿ, ತನ್ನ ಗಂಡನಿದ್ದ ಕುವೈತಿಗೆ ಹೊರಟಾಗ, ನೀನಿಲ್ಲದೆ ನನ್ನ ಮಕ್ಕಳು ಉಣ್ಣುವುದಿಲ್ಲ ಎಂದು ಅವಳನ್ನೂ ಕರೆದೊಯ್ದಳು. ಅಕ್ಕನ ಗಂಡ ಉಸಗಾಂವದಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು. ಮಕ್ಕಳಿರಲಿಲ್ಲ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಅವಳಿಗೆ ಎಲ್ಲಾ. ಅವಳ ಊಟ, ಅವಳ ಬೈಗುಳ, ಅವಳ ನಗು ಯಾವುದಕ್ಕೂ ಅಳತೆ ಇರಲಿಲ್ಲ. ಹೋಗುವಾಗ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ‘ಹೆಸರು ನಾ ಇಡಾಕಿ. ನಾ ಬರೂತನ ಯಾರರ ಏನರ ಕರದ್ರಿ ಅಂದ್ರ ನೋಡ್ರಿ ಮತ್ತ’ ಎಂದು ಹೇಳಿಯೇ ವಿಮಾನ ಹತ್ತಿದ್ದಳು.

ನಮ್ಮಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕತಂಗಿಯರದು. ತೊಟ್ಟಿಲಲ್ಲಿ ಹಾಕಿದ ಕೂಸಿನ ಕಿವಿಯಲ್ಲಿ ಅವಳು ಕುರ್ರ್ ಎಂದು ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದಬೇಕು. ಅಲ್ಲಿಯವರೆಗೆ ಆ ಹೆಸರು ಅವಳೊಬ್ಬಳ ಹೊಟ್ಟೆಯಲ್ಲಿರುತ್ತದೆ. ಹೆತ್ತವಳನ್ನು ಯಾರೂ ಕೇಳುವುದಿಲ್ಲ. ನನ್ನನ್ನೂ ಕೇಳಲಿಲ್ಲ. ನನಗೆ ಸಿಟ್ಟಿತ್ತು. ಒಂಬತ್ತು ತಿಂಗಳು ಹೊತ್ತವಳು ನಾನು, ಹೆಸರು ಮಾತ್ರ ಕುವೈತಿನಲ್ಲಿ.

ಆ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನಾನು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ನನ್ನ ಅವ್ವ ತೀರಿಕೊಂಡಿದ್ದಳು. ಬಾಣಂತನಕ್ಕೆ ತವರಿಗೆ ಹೋಗಲು ಅಲ್ಲಿ ಅವ್ವನೇ ಇರಲಿಲ್ಲ. ಆದ್ದರಿಂದ ಹೆರಿಗೆ, ಎಣ್ಣೆನೀರು, ಅಂಟಿನುಂಡಿ ಎಲ್ಲ ಕುಂಕಳ್ಳಿಯಲ್ಲೇ, ಅತ್ತೆಯ ಕೈಯಲ್ಲೇ ಆಯಿತು. ಅತ್ತೆ ಚೆನ್ನಾಗಿಯೇ ಮಾಡಿದರು, ಸುಳ್ಳು ಹೇಳಬಾರದು. ಆದರೂ ಹೆಣ್ಣು ಕೂಸು ಹುಟ್ಟಿದ ದಿನ ನನ್ನ ಬಾಯಲ್ಲಿ ಒಂದು ಹೆಸರು ಬಂದಿತ್ತು. ಅದನ್ನು ನುಂಗಿಕೊಂಡೆ. ಹೆಂಡತಿಯ ಕಡೆಯ ಹೆಸರನ್ನು ಈ ಮನೆಯಲ್ಲಿ ಯಾರೂ ಇಟ್ಟಿದ್ದಿಲ್ಲ.

ಅಕ್ಕನ ರಜೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೂಸಿಗೆ ಮೂರು ತಿಂಗಳಾಯಿತು. ಲಸಿಕೆಯ ಕಾರ್ಡಿನಲ್ಲಿ ಹೆಸರಿನ ಜಾಗ ಖಾಲಿ. ಅತ್ತೆಯ ಹಟ ಒಂದೇ: ‘ಸ್ವಾದರತ್ತಿ ಜೀವಂತ ಇರೂವಾಗ ಬ್ಯಾರೇದವ್ರು ಹೆಸರಿಡಾಂಗಿಲ್ಲ.’ ಆ ಹೊತ್ತಿಗೆ ಮೊಬೈಲ್ ಬಂದಿತ್ತು, ಆದರೆ ನಮ್ಮಂಥವರ ಮೊಬೈಲಿನಲ್ಲಿ ಮುಖ ಕಾಣುತ್ತಿರಲಿಲ್ಲ, ಬಾಯಿಯ ಫೋನಿಗೆ ಪದೇ ಪದೇ ಮಾಡಬೇಡಿ ಎಂದು ಅಕ್ಕ ಮೊದಲೇ ಹೇಳಿದ್ದಳು. ಆಗ ಕೆಫೆಯ ಹಿರಿಯರು ಹೇಳಿದರು: ಇಮೇಲ್ ವಿಳಾಸ ಇದೆಯಲ್ಲ, ಆ ಬಾಯಿಯದೂ ನಿಮ್ಮ ಹತ್ತಿರ ಇದೆ. ಇಲ್ಲಿಂದ ಅವರ ವಿಳಾಸ ಹೊಡೆದರೆ ಸಾಕು, ಮಾತೂ ಹೋಗುತ್ತದೆ, ಮುಖವೂ ಹೋಗುತ್ತದೆ, ಆಗಿಂದಾಗಲೇ.

ಶುಕ್ರವಾರ ಕುವೈತಿನಲ್ಲಿ ರಜೆ. ಆ ಶುಕ್ರವಾರ ಇವರು ಮೊದಲ ಪಾಳಿ ಮುಗಿಸಿ ಬಸ್ಸಿನಿಂದ ಇಳಿದವರೇ ಮುಖ ತೊಳೆದರು. ನಾನು ಕೂಸಿಗೆ ಕಾಡಿಗೆ ಹಚ್ಚಿದೆ. ಅತ್ತೆ ಗುಗ್ಗರಿಯ ಡಬ್ಬಿ ಹಿಡಿದರು. ತೊಟ್ಟಿಲು ಒಯ್ಯುವ ಹಾಗಿರಲಿಲ್ಲ, ಆದ್ದರಿಂದ ನನ್ನ ಅವ್ವ ಸಾಯುವ ಮೊದಲು ಹೊಲಿದು ಕಳಿಸಿದ್ದ ಕೌದಿಯನ್ನೇ ತೊಟ್ಟಿಲು ಮಾಡುವುದೆಂದು ತೀರ್ಮಾನವಾಯಿತು. ಕೆಫೆಯಲ್ಲಿ ಅರ್ಜಿ ತುಂಬುತ್ತಿದ್ದ ಇಬ್ಬರು ಹುಡುಗಿಯರು ಕುರ್ಚಿ ಸರಿಸಿ ನಮಗೆ ಜಾಗ ಕೊಟ್ಟರು. ಗುಗ್ಗರಿ ಕೀಬೋರ್ಡಿನಲ್ಲಿ ಬಿದ್ದರೆ ನಾನು ಜವಾಬ್ದಾರನಲ್ಲ ಎಂದು ಹಿರಿಯರು ಹೇಳಿ, ತಾವೇ ಮೊದಲು ಒಂದು ಹಿಡಿ ತೆಗೆದುಕೊಂಡರು.

ಬಾಯಿಯ ವಿಳಾಸ ಹೊಡೆದೆ. ಚಿತ್ರ ತುಂಡು ತುಂಡಾಗಿ ಬಂತು, ಮೊದಲು ಸೆರಗು, ಆಮೇಲೆ ಕುಂಕುಮ, ಆಮೇಲೆ ಅಕ್ಕ. ಹೊಸ ಸೀರೆ ಉಟ್ಟಿದ್ದಳು. ಮಲ್ಲಿಗೆ ಸಿಗಲಿಲ್ಲವೆಂದು ಹೂದಾನಿಯ ಪ್ಲಾಸ್ಟಿಕ್ ಹೂ ಮುಡಿದಿದ್ದಳು. ಹಿಂದೆ ಬಾಯಿ ನಿಂತಿದ್ದಳು, ಬೆನ್ನಿಗೆ ಗುದ್ದುವ ಕೆಲಸಕ್ಕೆ ಅಕ್ಕ ಅವಳನ್ನು ತಯಾರು ಮಾಡಿದ್ದಳು. ಅತ್ತೆ ಹೆಡ್‌ಫೋನ್ ಹಾಕಿಕೊಂಡು, ಕುವೈತಿಗೆ ನೇರವಾಗಿ ಕೇಳಿಸಬೇಕು ಎಂಬಷ್ಟು ಗಟ್ಟಿಯಾಗಿ ಕೂಗಿದರು. ‘ಉಂಡಿ ಏನವ್ವ?’

ಇವರು ಒಂದು ಕಡೆ, ಅತ್ತೆ ಒಂದು ಕಡೆ ಕೌದಿ ಹಿಡಿದರು. ನಾನು ಕೂಸನ್ನು ಮಲಗಿಸಿದೆ. ತೆರೆಯ ಮೇಲೆ ಅಕ್ಕ ಮುಂದಕ್ಕೆ ಬಾಗಿ ಏನೋ ಕೇಳಿದಳು. ಕಿವಿಗೆ ಹಾಕಿಕೊಂಡಿದ್ದ ಅತ್ತೆ ಉತ್ತರಿಸಿದರು: ‘ಬೀಗತಿ ಹೊಲದದ್ದಲ್ಲ? ಅದ ಕೌದಿ.’ ಅಕ್ಕ ಕೌದಿಯನ್ನೇ ನೋಡುತ್ತ ಉಳಿದಳು. ಲೈನ್ ನಿಧಾನವಾಗಿರಬೇಕು ಎಂದುಕೊಂಡೆ.

ಆ ಕೆಫೆಯಲ್ಲಿ ಸ್ಪೀಕರ್ ಹಚ್ಚುವ ಹಾಗಿರಲಿಲ್ಲ, ಅದು ಹಿರಿಯರ ನಿಯಮ. ಹೆಸರನ್ನು ಕಿವಿಯಲ್ಲೇ ಹೇಳಬೇಕು, ಅದು ನಮ್ಮ ನಿಯಮ. ಹೆಡ್‌ಫೋನ್ ನಮ್ಮ ಪದ್ಧತಿಗೆಂದೇ ಮಾಡಿದಂತಿತ್ತು. ಅತ್ತೆ ಅದನ್ನು ತೆಗೆದು ಕೂಸಿನ ಬಲಗಿವಿಗೆ ಇಟ್ಟರು, ನಾನು ಅದು ಜಾರದ ಹಾಗೆ ಹಿಡಿದೆ. ಅಕ್ಕನ ತುಟಿ ಆಡಿತು. ಅಲ್ಲಿಯವರೆಗೆ ಕುಸುಕುಸು ಅಳುತ್ತಿದ್ದ ಕೂಸು ಸುಮ್ಮನಾಗಿ ಕಣ್ಣು ದೊಡ್ಡದು ಮಾಡಿತು. ಬಾಯಿ ಗುದ್ದಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು, ಚಿತ್ರ ಹೆಪ್ಪುಗಟ್ಟಿತು, ಮರುಕ್ಷಣ ಕರೆಂಟ್ ಹೋಯಿತು.

ನಾವು ಬೇಸರಪಡಲಿಲ್ಲ. ಕೆಲಸ ಆಗಿತ್ತಲ್ಲ. ಅತ್ತೆ ಕತ್ತಲಾದ ಕೆಫೆಯಲ್ಲೇ ಎಲ್ಲರಿಗೂ ಗುಗ್ಗರಿ ಹಂಚಿದರು. ನಗುತ್ತ ಮನೆಯತ್ತ ನಡೆದೆವು. ಚಾಳಿನ ಬಾಗಿಲಲ್ಲಿ ಪಕ್ಕದ ಖೋಲಿಯ ಇಂಡಿ ಕಡೆಯ ಹೆಂಗಸು ಕೇಳಿದಳು. ‘ಏನ್ ಹೆಸರಿಟ್ಟ್ರಿ?’

ನಾನು ಇವರ ಮುಖ ನೋಡಿದೆ. ಇವರು ಅತ್ತೆಯ ಮುಖ ನೋಡಿದರು. ಅತ್ತೆ ಕೂಸಿನ ಮುಖ ನೋಡಿದರು. ಕೂಸು ಆಕಳಿಸಿತು.

ಆ ಒಂದು ವಾರ ನಮ್ಮ ಮನೆಯಲ್ಲಿ ಅವಳ ಹೆಸರು ಗೊತ್ತಿದ್ದವಳು ಅವಳೊಬ್ಬಳೇ. ಇವರು ಬಾಯಿಗೆ ಫೋನ್ ಮಾಡುತ್ತೇನೆಂದರೆ ಅತ್ತೆ ತಡೆದರು. ‘ಕಿವ್ಯಾಗ ಹೇಳ್ಯಾಳ. ಶುಕ್ರವಾರ ಬಂದ್ರ ತಾನ ಹೇಳ್ತಾಳ. ಓಡಿ ಹೋಗಂಗಿಲ್ಲ ಹೆಸರು.’ ಬುಧವಾರ ಲಸಿಕೆಗೆ ಹೋದಾಗ ಸಿಸ್ಟರ್ ಪೆನ್ನು ಹಿಡಿದು ಕೇಳಿದಳು. ಹೆಸರಿಟ್ಟಿದ್ದೇವೆ, ಆದರೆ ನಮಗೆ ಗೊತ್ತಿಲ್ಲ ಎಂದೆ. ಅವಳು ನನ್ನ ಜ್ವರ ನೋಡಿದಳು.

ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕೂಸಿನ ಮುಂದೆ ಕೂತು ಒಂದೊಂದೇ ಹೆಸರು ಹೇಳಿ ನೋಡುತ್ತಿದ್ದೆ, ಯಾವುದಕ್ಕಾದರೂ ತಿರುಗುತ್ತಾಳೇನೋ ಎಂದು. ಮನೆದೇವರ ಹೆಸರು, ಅತ್ತೆಯ ಅತ್ತೆಯ ಹೆಸರು, ಅಕ್ಕನಿಗೆ ಇಷ್ಟವಾದ ಧಾರಾವಾಹಿಯ ಹುಡುಗಿಯ ಹೆಸರು. ಎಲ್ಲಕ್ಕೂ ಒಂದೇ ನಗು. ಒಂದು ಹೆಸರನ್ನು ಮಾತ್ರ ಹೇಳಿ ನೋಡಲಿಲ್ಲ. ಅದಾಗಿರಲಾರದು ಎಂದು ಗೊತ್ತಿದ್ದರೂ, ಹೇಳಿ ಅತ್ತುಬಿಟ್ಟೇನು ಎಂಬ ಭಯ.

ಮುಂದಿನ ಶುಕ್ರವಾರ ಕೆಫೆಗೆ ಹೋಗಿ ವಿಳಾಸ ತೆರೆದರೆ, ಬಾಯಿ ಬರೆದ ಒಂದು ಇಮೇಲ್ ಐದು ದಿನದಿಂದ ಕಾದಿತ್ತು. ನನ್ನ ಹತ್ತನೇ ಇಯತ್ತೆಯ ಇಂಗ್ಲಿಷಿನಲ್ಲಿ ಓದಿದೆ, ತಿಳಿಯದ್ದನ್ನು ಹಿರಿಯರು ಹೇಳಿದರು. ‘ನಿಮ್ಮ ಕಡೆಯಿಂದ ಸುದ್ದಿಯೇ ಇಲ್ಲ. ಇವಳು ಸರಿಯಾಗಿ ಉಣ್ಣುತ್ತಿಲ್ಲ. ಹೆಸರು ಕೇಳಿ ತನ್ನ ತಾಯಿಗೆ ಸಿಟ್ಟು ಬಂದು ಲೈನ್ ಕಡಿದರು ಅನ್ನುತ್ತಾಳೆ. ಬೇಡವಾದರೆ ಬದಲಾಯಿಸಿ, ಆದರೆ ನನ್ನೊಡನೆ ಮಾತು ಬಿಡಬೇಡಿ ಅಂತ ಹೇಳಲು ಹೇಳಿದ್ದಾಳೆ.’

ಉಣ್ಣುತ್ತಿಲ್ಲ ಎಂಬುದು ಅಕ್ಕನ ವಿಷಯದಲ್ಲಿ ಹುಡುಗಾಟದ ಮಾತಲ್ಲ. ನಾವು ಗುಗ್ಗರಿ ತಿಂದು ನಕ್ಕ ವಾರವೆಲ್ಲ ಅವಳು ಅಲ್ಲಿ ತವರು ಕಳೆದುಕೊಂಡೆ ಎಂದು ಕೂತಿದ್ದಳು. ವಾರವೆಲ್ಲ ಅವಳ ಮೇಲೆ ಒಳಗೊಳಗೇ ಹಲ್ಲು ಕಡಿದ ನನಗೆ ನಾಚಿಕೆಯಾಯಿತು.

ಹಿರಿಯರು ಏನೂ ಹೇಳದೆ ಒಳಗಿನಿಂದ ಎರಡು ಸ್ಪೀಕರ್ ತಂದು ಹಚ್ಚಿದರು. ಅಕ್ಕ ಬಂದಳು. ಇವತ್ತು ಹೂ ಇರಲಿಲ್ಲ, ಮುಖ ಬಾಡಿತ್ತು.

‘ಅಕ್ಕಾರ, ಕರೆಂಟ್ ಹೋಗಿತ್ರಿ’ ಎಂದೆ. ‘ನೀವು ಇಟ್ಟ ಹೆಸರು ನಮಗ ಯಾರಿಗೂ ಕೇಳಿಸೇ ಇಲ್ಲ. ಕೂಸಿನ ಕಿವ್ಯಾಗಷ್ಟ ಹೋಗೇತಿ.’

ಅಕ್ಕ ಬಾಯಿ ತೆರೆದು ನಮ್ಮನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. ‘ಅವ್ವಾ, ಸಿಟ್ಟಾಗಬ್ಯಾಡ. ನಾ ಆಯಿ ಹೆಸರ ಇಡಬೇಕಂತ ಮಾಡಿದ್ದೆ. ಆ ಕೌದಿ ನೋಡಿದ ಮ್ಯಾಲ ಬಾಯಾಗ ಬ್ಯಾರೆ ಹೆಸರು ಬರಲಿಲ್ಲ. ಕೂಸಿಗೆ ಅದನ್ನ ಹೊಲದಾಕಿ ಹೆಸರ ಇಟ್ಟೇನಿ.’ ಮತ್ತು ಹೆಸರು ಹೇಳಿದಳು.

ನನ್ನ ಅವ್ವನ ಹೆಸರು. ಕೆಫೆಯ ಎರಡೂ ಸ್ಪೀಕರಿನಿಂದ, ಗಟ್ಟಿಯಾಗಿ. ಅವ್ವ ಸತ್ತ ಮೇಲೆ ಆ ಹೆಸರನ್ನು ಯಾರೂ ನನ್ನ ಮುಂದೆ ಆಡಿರಲಿಲ್ಲ.

ನಾವೆಲ್ಲ ಅತ್ತೆಯ ಮುಖ ನೋಡಿದೆವು. ಆಯಿ ಎಂದರೆ ಅತ್ತೆಯ ಅತ್ತೆ, ಆ ಹೆಸರು ಬರುತ್ತದೆಂದು ಅತ್ತೆ ವಾರವೆಲ್ಲ ಕಾದಿದ್ದು ನನಗೆ ಗೊತ್ತಿತ್ತು. ಅಲ್ಲಿ ಅಕ್ಕ ಕಾಯುತ್ತಿದ್ದಳು. ನಾನು ಕೂಸನ್ನು ಅವಚಿಕೊಂಡೆ.

‘ಬೀಗತಿ ನನ್ನ ಕೈ ಹಿಡದು, ಮಗಳ್ನ ನಿಮಗ ಒಪ್ಪಿಸೇನಿ ಅಂದಿದ್ಲು’ ಎಂದರು ಅತ್ತೆ ಕೊನೆಗೆ. ‘ಚಲೋ ಹೆಸರು. ಹೋಗಿ ಉಣ್ಣು ಮೊದಲ.’

ಆ ಮಾತು ಕುವೈತಿಗೆ ಮುಟ್ಟಲು ಎರಡು ಕ್ಷಣ ಹಿಡಿಯಿತು. ಮುಟ್ಟಿದ ಮೇಲೆ ಅಕ್ಕ ಅಳುತ್ತಲೇ ನಕ್ಕಳು. ಅತ್ತೆ ನನ್ನ ಕಡೆ ತಿರುಗಿ, ‘ಅಕಿ ಬೆನ್ನು ದೂರ ಐತಿ, ನೀನ ಬಾಗು’ ಎಂದು ನನ್ನ ಬೆನ್ನಿಗೆ ಧಬಧಬ ಗುದ್ದಿದರು. ನಾನು ಅತ್ತದ್ದು ಪೆಟ್ಟಿಗೆ ಎಂದು ಇವರು ತಿಳಿದುಕೊಂಡರು.

ಲಸಿಕೆಯ ಕಾರ್ಡು ತುಂಬಿತು. ಆಮೇಲೆ ನಾವು ಇನ್ನೂ ಎರಡು ಖೋಲಿ ಬದಲಿಸಿದೆವು, ವಿಳಾಸ ಅದೇ ಇತ್ತು, ಅಕ್ಕ ಶುಕ್ರವಾರ ಶುಕ್ರವಾರ ಅಲ್ಲಿಗೇ ಬರುತ್ತಿದ್ದಳು. ಮನೆಯ ಹಿರಿಯರ ಹೆಸರಿಟ್ಟ ಮಗುವನ್ನು ಆ ಹೆಸರು ಹಿಡಿದು ಬೈಯಬಾರದು ಎಂಬುದು ನಮ್ಮ ಕಡೆಯ ರೂಢಿ. ಬೈಯುವುದಕ್ಕೆ ಮಾತ್ರವಲ್ಲ, ಕರೆಯುವುದಕ್ಕೂ ನನಗೆ ಅದು ಬಾಯಿಗೆ ಬರಲಿಲ್ಲ. ಶಾಲೆಯಿಂದ ತಡವಾಗಿ ಬಂದರೂ, ಹಾಲು ಚೆಲ್ಲಿದರೂ, ಬಾಗಿಲಲ್ಲಿ ನಿಂತು ನಾನು ಅವ್ವಾ ಎಂದೇ ಕೂಗುತ್ತೇನೆ. ಅವಳು ಓ ಅನ್ನುತ್ತಾಳೆ.