ನಂಬರಿಲ್ಲದ ಪುಸ್ತಕಗಳು

ಕಳೆದ ವರ್ಷ ಮೇ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹತ್ತೂಕಾಲಿಗೆ, ನಾನು ನಮ್ಮ ಕಾಲೇಜಿನ ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಕಿಟಕಿಯ ಎಡಬದಿಗೆ ನಿಂತಿದ್ದೆ. ಕೆಳಗೆ ಹಿಂದಿನ ಅಂಗಳದಲ್ಲಿ ಗುಜರಿಯವರ ಟೆಂಪೊ ಇತ್ತು. ಇಬ್ಬರು ಗೋಣಿಚೀಲಗಳನ್ನು ಎತ್ತಿ ಹಾಕುತ್ತಿದ್ದರು. ಒಂದು ಚೀಲದ ಬಾಯಿಂದ ಕಂದು ಬೈಂಡಿನ ಪುಸ್ತಕಗಳು ಹೊರಗೆ ಕಾಣುತ್ತಿದ್ದವು. ಹಳೆಯ ಲ್ಯಾಬ್ ರೆಕಾರ್ಡುಗಳಿರಬೇಕು ಎಂದುಕೊಂಡೆ. ಕೆಳಗಿಳಿದು ನೋಡಲು ಒಂದು ನಿಮಿಷ ಸಾಕಿತ್ತು. ಇಳಿಯಲಿಲ್ಲ.

ಆಗಷ್ಟೇ ನಮ್ಮ ಇತಿಹಾಸ ವಿಭಾಗ ಮುಚ್ಚಿತ್ತು. ಕೊನೆಯ ತರಗತಿಯಲ್ಲಿ ನಾಲ್ವರಿದ್ದರು. ಕೋಣೆಯನ್ನು ಕಂಪ್ಯೂಟರ್ ವಿಭಾಗಕ್ಕೆ ಬಿಟ್ಟುಕೊಡಬೇಕು, ಉಳಿಸಬೇಕಾದ ಪುಸ್ತಕಗಳ ಪಟ್ಟಿ ಕೊಡಿ ಎಂದು ಆಫೀಸಿನಿಂದ ಚೀಟಿ ಬಂದಿತ್ತು. ನಾನು ರಿಜಿಸ್ಟರ್ ಹಿಡಿದು, ಒಂದೊಂದೇ ಪುಸ್ತಕದ ನಂಬರು ನೋಡಿ, ಎರಡು ದಿನ ಕೂತು ಪಟ್ಟಿ ಮಾಡಿದೆ. ರಿಜಿಸ್ಟರಿನ ಒಂದು ಪುಸ್ತಕವೂ ಬಿಟ್ಟುಹೋಗಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಗುಜರಿಗೆ ಹಾಕಿದರು.

ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ಮನೆಯ ಹಿರಿಯರೊಬ್ಬರು ಕಂಡದ್ದನ್ನು ಅವರದೇ ಮಾತಿನಲ್ಲಿ, ಅದು ತುಳುವೋ ಕೊಂಕಣಿಯೋ ಬ್ಯಾರಿಯೋ, ಕನ್ನಡ ಅಕ್ಷರದಲ್ಲಿ ಬರೆದು ತರಬೇಕು. ಆ ಪುಸ್ತಕಗಳು ನಮ್ಮ ಕಪಾಟಿನಲ್ಲೇ ಉಳಿಯುತ್ತಿದ್ದವು. ಮಕ್ಕಳು ಬರೆದದ್ದಾದ್ದರಿಂದ ಅವಕ್ಕೆ ಲೈಬ್ರರಿಯ ನಂಬರು ಇರಲಿಲ್ಲ. ಯಾವ ದಾಖಲೆ ಓದುವಾಗಲೂ ಅದರಲ್ಲಿ ಯಾರು ಇಲ್ಲ ಎಂದು ಮೊದಲು ನೋಡಿ ಎಂದು ನಾನು ಇಪ್ಪತ್ತಾರು ವರ್ಷ ಪಾಠ ಹೇಳಿದ್ದೆ.

ಜುಲೈಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ತೊಕ್ಕೊಟ್ಟಿನ ಬ್ಯಾರಿ ಮುಸ್ಲಿಮರ ಮನೆಯವಳು. ಈಗ ಗಂಡನೊಂದಿಗೆ ಬಟ್ಟೆ ಅಂಗಡಿ ನಡೆಸುತ್ತಾಳೆ. ಅವಳ ಅಜ್ಜಿಗೆ ಪಾರ್ಶ್ವವಾಯು ಬಡಿದಿತ್ತು.

"ಕಿವಿ ಕೇಳ್ತದೆ ಸರ್, ಎಲ್ಲ ಗೊತ್ತಾಗ್ತದೆ. ಮಾತು ಮಾತ್ರ ಇಲ್ಲ. ಅವರು ಹೇಳಿದ್ದನ್ನು ಅವರಿಗೇ ಓದಿ ಹೇಳುವ ಅಂತ. ನನ್ನ ಪುಸ್ತಕ ಒಂದು ವಾರಕ್ಕೆ ಕೊಡಿ, ಸಾಕು."

ಕೋಣೆಗೆ ಕರೆದುಕೊಂಡು ಹೋದೆ. ಕಪಾಟು ಇದ್ದಲ್ಲಿ ಬಿಳಿ ಬೋರ್ಡು ಬಂದಿತ್ತು. ಅಟೆಂಡರನ್ನು ಕರೆದೆ. ಬಜಪೆಯವರು, ಕಾಲೇಜಿಗೆ ನನಗಿಂತ ಹಳಬರು.

"ಆ ಕಂದು ಪುಸ್ತಕಗಳಾ? ಅದು ಟೆಂಪೊದಲ್ಲಿ ಹೋಯ್ತಲ್ಲ ಸರ್. ಇದೂ ಕೊಡುವುದಾ ಅಂತ ನಾನು ಆಫೀಸಲ್ಲಿ ಕೇಳಿದೆ. ಲಿಸ್ಟಲ್ಲಿ ಇಲ್ಲ ಅಂದ್ರು. ಸೈನ್ ನಿಮ್ಮದೇ ಉಂಟು."

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಮಾರಾಯ್ರೆ?"

"ನೀವು ಮೇಲೆ ಕಿಟಕಿಯಲ್ಲೇ ಇದ್ರಿ. ನೋಡ್ತಾ ಇದ್ರಿ. ಮತ್ತೆ ಎಂತ ಕೇಳುವುದು?"

ಅವಳು ಸಿಟ್ಟಾಗಲಿಲ್ಲ. "ನೀವು ಓದಿದ್ದಿರಲ್ಲ ಸರ್. ಎಂತ ನೆನಪುಂಟು?" ಎಂದು ಕೇಳಿದಳು.

ನೆನಪಿದ್ದದ್ದು ಇಷ್ಟು. ನೇತ್ರಾವತಿಗೆ ಸೇತುವೆ ಆಗುವ ಮೊದಲು, ಅಜ್ಜಿ ಸಣ್ಣವರಿದ್ದಾಗ, ಅವರ ತಾಯಿಯ ಹೆರಿಗೆಗೆಂದು ಹೊಳೆಯಾಚೆಯಿಂದ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸೊಬ್ಬರು ದೋಣಿಯಲ್ಲಿ ಬಂದಿದ್ದರು. ಮಳೆಗೆ ದೋಣಿ ನಿಂತು ಮೂರು ದಿನ ಇವರ ಮನೆಯಲ್ಲೇ ಉಳಿದರು. ಹುಟ್ಟಿದ ಮಗುವಿಗೆ ಅವರು ಹಾಡಿದ ಜೋಗುಳದ ನಾಲ್ಕು ಸಾಲು ಪುಸ್ತಕದಲ್ಲಿತ್ತು. ಅವರ ಹೆಸರೂ ಇತ್ತು. ಹೆಸರು ನನಗೆ ಮರೆತಿತ್ತು, ಹಾಡೂ ಮರೆತಿತ್ತು. ಹದಿನೇಳು ಮಾರ್ಕು ಕೊಟ್ಟದ್ದು ನೆನಪಿತ್ತು. ಅದನ್ನು ಹೇಳಲಿಲ್ಲ.

"ಹಾಡು ನನಗೂ ನೆನಪಿಲ್ಲ ಸರ್. ಬರೆದಿಟ್ಟಿದ್ದೇನಲ್ಲ ಅಂತ ಇದ್ದೆ," ಎಂದಳು. ಮತ್ತೆ, "ಅಷ್ಟನ್ನೇ ಬರೆದು ಕೊಡಿ."

ಬರೆದೆ. ಅರ್ಧ ಪುಟ ಆಯಿತು.

ವಾರದ ನಂತರ ಫೋನ್ ಮಾಡಿದಳು. "ಓದಿದೆ ಸರ್. ಮುಗಿದ ಮೇಲೂ ಎಡಗೈ ಆಡಿಸ್ತಾರೆ, ಮುಂದೆ ಓದು ಅಂತ. ದಿನಾ ಕೇಳ್ತಾರೆ. ಮುಂದೆ ಎಂತ ಓದುವುದು?"



ಟೆಂಪೊ ಹೊರಟದ್ದನ್ನು ನನ್ನ ಹಾಗೆ ಕಂಡ ಆ ಅಟೆಂಡರ್ ಈಗ ನಿವೃತ್ತರಾಗಿ ಬಜಪೆಯಲ್ಲಿದ್ದಾರೆ. ಆ ಹೆಂಗಸು ದೋಣಿಯಿಂದ ಇಳಿದದ್ದನ್ನು ಕಂಡವರಲ್ಲಿ ತೊಕ್ಕೊಟ್ಟಿನ ಅಜ್ಜಿ ಒಬ್ಬರೇ ಉಳಿದಿದ್ದಾರೆ.