ಕಲ್ಲಕ್ಕನ ಬುಟ್ಟಿ

ನನ್ನ ಗಂಡನ ಅಕ್ಕನಿಗೆ ಬಂದರಿನ ಜನ ಇಟ್ಟ ಹೆಸರು ಕಲ್ಲಕ್ಕ. ಮೀನಿನ ತಲೆಯೊಳಗೆ, ಕಿವಿ ಇರಬೇಕಾದ ಜಾಗದಲ್ಲಿ, ಬೇಳೆಯಷ್ಟು ದೊಡ್ಡದೊಂದು ಬಿಳಿ ಕಲ್ಲು ಇರುತ್ತದೆ. ಅದನ್ನು ಹೊರತೆಗೆದು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದರ ಸುತ್ತ ಒಂದು ಉಂಗುರ ಕಾಣುತ್ತದೆ, ವರ್ಷಕ್ಕೊಂದರಂತೆ. ಆ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುವುದು ಅತ್ತಿಗೆಯ ಉದ್ಯೋಗ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, ನೋಡಿದ ಕೂಡಲೇ ವಯಸ್ಸು ಲೆಕ್ಕ ಹಾಕುವವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ನಾನು ಈ ಮನೆಗೆ ಬಂದ ಹೊಸದರಲ್ಲಿ ಸತ್ತ ಮೀನಿನ ವಯಸ್ಸು ಕಟ್ಟಿಕೊಂಡು ಏನಾಗಬೇಕು ಎಂದು ನಕ್ಕಿದ್ದೆ. ಅತ್ತಿಗೆ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಬಿಡಿಸುತ್ತಿದ್ದ ಬಟಾಣಿಯನ್ನೇ ಅಡುಗೆಕಟ್ಟೆಯ ಮೇಲೆ ಸಾಲು ಸಾಲಾಗಿ ಜೋಡಿಸಿದರು. ಮೊದಲ ಸಾಲು ಒಂದು ವರ್ಷದವು, ತುಂಬಾ ಉದ್ದ. ಎರಡನೆಯದು ಅದಕ್ಕಿಂತ ಗಿಡ್ಡ, ಮೂರನೆಯದು ಇನ್ನೂ ಗಿಡ್ಡ. ಸಾಲು ನಿಧಾನವಾಗಿ ಗಿಡ್ಡವಾಗುತ್ತ ಹೋದರೆ ಕಡಲು ನೆಮ್ಮದಿಯಿಂದಿದೆ ಎಂದು ಅರ್ಥವಂತೆ. ಎರಡು ಸಾಲಿನ ಆಚೆ ಕಟ್ಟೆ ಬೋಳಾಗಿದ್ದರೆ, ಕಡಲು ಕೊಡುವುದಕ್ಕಿಂತ ಹೆಚ್ಚು ಬಲೆ ಎತ್ತುತ್ತಿದೆ ಎಂದು ಅರ್ಥವಂತೆ.

"ಒಂದೂರಲ್ಲಿ ಬರೀ ಮಕ್ಕಳೇ ಇದ್ದಾರೆ, ದೊಡ್ಡವರು ಒಬ್ಬರೂ ಇಲ್ಲ ಅಂದ್ರೆ ಅಲ್ಲೇನೋ ಆಗಿದೆ ಅಂತ ಗೊತ್ತಾಗಲ್ವಾ? ಅಷ್ಟೇ ಕಣೇ ಇದು," ಎಂದರು. ಅಂದಿನಿಂದ ನಾನು ಆ ವಿಷಯಕ್ಕೆ ನಗಲಿಲ್ಲ.

ನನ್ನ ಗಂಡ ಅತ್ತಿಗೆಗಿಂತ ಹನ್ನೆರಡು ವರ್ಷ ಚಿಕ್ಕವರು. ತಾಯಿ ಬೇಗ ಹೋದ ಮೇಲೆ ಅವರನ್ನು ಎತ್ತಿ ಆಡಿಸಿ, ಹೊಡೆದು ಬುದ್ಧಿ ಕಲಿಸಿ ದೊಡ್ಡವರನ್ನಾಗಿ ಮಾಡಿದ್ದು ಅಕ್ಕನೇ. ಅಕ್ಕ ಪ್ರಯೋಗಾಲಯ ಸೇರಿದರು, ತಮ್ಮ ದೋಣಿ ಹತ್ತಿದರು. ಕೆಳಗೆ ನಾವಿಬ್ಬರು, ಮೇಲಿನ ಕೋಣೆಯಲ್ಲಿ ಅವರು. ಊಟ ಮಾತ್ರ ಮೂವರದೂ ಒಂದೇ ಮೇಜಿನಲ್ಲಿ. ಅವರಿಬ್ಬರ ನಡುವೆ ಬಾಯಿಬಿಟ್ಟು ಹೇಳುವ ಪ್ರೀತಿ ಇರಲಿಲ್ಲ. ಅಕ್ಕ ಊಟಕ್ಕೆ ಕೂತರೆ ತಮ್ಮನ ಕಣ್ಣು ಅವರ ತಟ್ಟೆಯ ಮೇಲಿರುತ್ತಿತ್ತು, ಅಷ್ಟೇ. ನನ್ನ ತಟ್ಟೆಯ ಕಡೆ ಒಂದು ದಿನವೂ ಹಾಗೆ ನೋಡಿದವರಲ್ಲ ಈ ಮಹಾರಾಯರು.

ಪ್ರಯೋಗಾಲಯದಲ್ಲಿ ಅತ್ತಿಗೆಯ ಪಾಲಿಗೆ ಬಂದಿದ್ದು ಕೆಂಪು ಮೀನು. ದಡದಿಂದ ಅರ್ಧ ದಿನದ ದಾರಿಯಲ್ಲಿ ನೀರಿನೊಳಗೆ ಒಂದು ದೊಡ್ಡ ಬಂಡೆಸಾಲು ಇದೆ, ಅದರ ಸುತ್ತ ಬದುಕುವ ಜಾತಿ. ನಿಧಾನವಾಗಿ ಬೆಳೆಯುತ್ತದೆ, ಮೊಟ್ಟೆ ಇಡುವ ವಯಸ್ಸಿಗೆ ಬರಲು ನಾಲ್ಕು ವರ್ಷ ಬೇಕು, ಬಿಟ್ಟರೆ ಇಪ್ಪತ್ತು ವರ್ಷ ಬದುಕುತ್ತದೆ. ಬೇರೆ ದೋಣಿಯವರು ಮಂಜುಗಡ್ಡೆಯ ಜಾಗ ಉಳಿಯಲೆಂದು ಅದರ ತಲೆಯನ್ನು ಕಡಲಲ್ಲೇ ಕತ್ತರಿಸಿ ಎಸೆದು ಬರುತ್ತಿದ್ದರು. ತಲೆಯಿಲ್ಲದ ಮೀನಿಗೆ ವಯಸ್ಸು ಹೇಳಲಾಗುವುದಿಲ್ಲ. ಇಡೀ ಮೀನು ತರುತ್ತಿದ್ದವರು ನನ್ನ ಗಂಡ ಒಬ್ಬರೇ, ಅದೂ ಅಕ್ಕನಿಗಾಗಿ. ತಿಂಗಳಿಗೊಂದು ಸಲ, ಹಗ್ಗದ ಹಿಡಿಯ ನೀಲಿ ಬುಟ್ಟಿಯಲ್ಲಿ. ಇದ್ದ ನಿಯಮ ಒಂದೇ: ಆರಿಸಬಾರದು. ದೊಡ್ಡದೋ ಚಿಕ್ಕದೋ ನೋಡದೆ ಕೈಗೆ ಬಂದದ್ದನ್ನು ಬುಟ್ಟಿ ತುಂಬುವಷ್ಟು ಹಾಕಬೇಕು. ಆ ಬುಟ್ಟಿಯ ಲೆಕ್ಕದ ಮೇಲೆ ವರ್ಷಕ್ಕೊಮ್ಮೆ ಮೀನುಗಾರಿಕೆ ಇಲಾಖೆಯವರು ಇಷ್ಟು ಹಿಡಿಯಬಹುದು ಎಂದು ಮಿತಿ ಹಾಕುತ್ತಿದ್ದರು.

ವರ್ಷಗಟ್ಟಲೆ ಬುಟ್ಟಿಯಲ್ಲಿ ಒಳ್ಳೆಯ ಮೀನೇ ಬಂತು. ಎಂಟು ಉಂಗುರದ್ದು, ಹತ್ತು ಉಂಗುರದ್ದು, ಒಮ್ಮೊಮ್ಮೆ ಹದಿನಾಲ್ಕರದ್ದೂ. ಅಂಥ ದಿನ ಅತ್ತಿಗೆ ಮೆಟ್ಟಿಲಿಳಿಯುವ ಸದ್ದೇ ಬೇರೆ. ಇಲಾಖೆಗೂ ಸಮಾಧಾನ, ಮಿತಿ ಒಂದು ಚೂರೂ ಇಳಿಯಲಿಲ್ಲ. ಆದರೆ ದೋಣಿಗಳು ಹೋಗಿಬರಲು ಮೊದಲಿಗಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತಿದ್ದವು. ಹರಾಜಿನ ಕಟ್ಟೆಯಲ್ಲಿ ಮೀನು ಬೇಗ ಮುಗಿದು, ನೀರು ಹಾಕಿ ತೊಳೆದುಬಿಡುತ್ತಿದ್ದರು. ಏನಾಗಿದೆ ಎಂದು ನನ್ನ ಗಂಡನನ್ನು ಕೇಳಿದರೆ, ಕಡಲು ಒಂದೊಂದು ವರ್ಷ ಹಾಗೇ ಎಂದು ಮುಖ ತಿರುಗಿಸುತ್ತಿದ್ದರು. ಅತ್ತಿಗೆಯೂ ಕೇಳುತ್ತಿದ್ದರು. ಆದರೆ ಅವರ ಕಣ್ಣಮುಂದೆ ಕಲ್ಲುಗಳಿದ್ದವಲ್ಲ. ಜನರ ಮಾತಿಗಿಂತ ಕಲ್ಲನ್ನು ನಂಬುವುದು ಅವರ ಅಭ್ಯಾಸ.

ಕೊನೆಗೆ ಗುಟ್ಟು ಬಿಟ್ಟುಕೊಟ್ಟಿದ್ದೂ ಕಲ್ಲೇ. ಒಂದು ಮಧ್ಯಾಹ್ನ ಅತ್ತಿಗೆ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಬಂದರು. ಕೈಯಲ್ಲಿ ಎರಡು ಫೋಟೋ. ಎರಡೂ ಹತ್ತು ವರ್ಷದ ಮೀನಿನ ಕಲ್ಲುಗಳವು, ಒಂದು ಹಳೆಯದು, ಇನ್ನೊಂದು ಆ ತಿಂಗಳಿನ ಬುಟ್ಟಿಯದು. ಹಳೆಯದರಲ್ಲಿ ಉಂಗುರಗಳು ದೂರ ದೂರ. ಹೊಸದರಲ್ಲಿ ಒತ್ತೊತ್ತಾಗಿ, ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಆಳದ ತಣ್ಣನೆಯ ನೀರಿನಲ್ಲಿ ಬೆಳೆದ ಮೀನಿಗೆ ಮಾತ್ರ ಹಾಗೆ ಬರುತ್ತದಂತೆ. ನಮ್ಮ ಬಂಡೆಸಾಲಿನಲ್ಲಿ ಅಂಥ ನೀರೇ ಇಲ್ಲ.

ನನ್ನ ಗಂಡ ಬಲೆಗೆ ಹೊಲಿಗೆ ಹಾಕುತ್ತ ಕೂತಿದ್ದರು. ಫೋಟೋಗಳನ್ನು ಅವರ ಮುಂದಿಟ್ಟು, ಈ ಮೀನು ಎಲ್ಲಿಯದು ಎಂದು ಅತ್ತಿಗೆ ಕೇಳಿದರು. ಬಂಡೆಯದೇ ಎಂದರು ಇವರು. ಅತ್ತಿಗೆ ಇನ್ನೊಮ್ಮೆ ಕೇಳಲಿಲ್ಲ, ಸುಮ್ಮನೆ ಎದುರಿಗೆ ಕೂತರು. ಚಿಕ್ಕಂದಿನಲ್ಲಿ ಇವರು ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೂ ಅಕ್ಕ ಹೀಗೇ ಕೂರುತ್ತಿದ್ದರೇನೋ, ಇವರ ಕೈಯಿಂದ ಸೂಜಿ ಕೆಳಗೆ ಬಿತ್ತು.

"ಆಚೆ ಬಂದರಿಂದ ಕೊಂಡು ತಂದೆ," ಎಂದರು.

ಎಷ್ಟು ದಿನದಿಂದ ಎಂದು ಕೇಳಿದರೆ, ಕೊಳ್ಳುವುದು ಎರಡು ವರ್ಷದಿಂದ, ಅದಕ್ಕೂ ಮೊದಲು ನಾಲ್ಕು ವರ್ಷ ತಮ್ಮ ದೋಣಿಯ ಮೀನನ್ನೇ ಆರಿಸಿ, ದೊಡ್ಡದು ಸಿಕ್ಕಿದಾಗಲೆಲ್ಲ ಮಂಜುಗಡ್ಡೆಯಲ್ಲಿ ಅಕ್ಕನಿಗೆಂದು ಎತ್ತಿಡುತ್ತಿದ್ದರಂತೆ.

"ಯಾಕೋ?"

"ಒಂದ್ಸಲ ಬುಟ್ಟಿ ತುಂಬಾ ಸಣ್ಣವೇ ಬಂದಿದ್ವು. ಅವತ್ತು ನೀನು ಊಟ ಮಾಡಲಿಲ್ಲ, ಮಾರನೇ ದಿನಾನೂ ಮಾಡಲಿಲ್ಲ. ನನ್ನಿಂದ ನೋಡಕ್ಕಾಗಲಿಲ್ಲ ಅಕ್ಕ."

ಬಂದರಿನಲ್ಲಿ ಈ ಮಾತನ್ನು ಇವತ್ತಿಗೂ ಯಾರೂ ನಂಬುವುದಿಲ್ಲ. ಮಿತಿ ಇಳಿಯದಿರಲೆಂದು ಅಕ್ಕ ತಮ್ಮ ಸೇರಿ ಮಾಡಿದ ನಾಟಕ ಎನ್ನುತ್ತಾರೆ. ಬಾಯಿಗೆ ಬಂದದ್ದು ಆಡಲಿ. ಈ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅಷ್ಟು ದೂರದ ಲೆಕ್ಕಾಚಾರ ಇವರ ತಲೆಗೆ ಹೊಳೆಯುವುದಿಲ್ಲ, ಅಕ್ಕ ಉಂಡಳೋ ಇಲ್ಲವೋ ಎಂಬುದಷ್ಟೇ ಹೊಳೆಯುತ್ತದೆ.

ಅತ್ತಿಗೆ ಬೈಯಲಿಲ್ಲ. ಹೀಗೆ ಆರಿಸದೆ ಇದ್ದಿದ್ದರೆ ಬುಟ್ಟಿಗೆ ಏನು ಬರುತ್ತಿತ್ತು ಎಂದು ಮಾತ್ರ ಕೇಳಿದರು. ನನ್ನ ಗಂಡ ಅಂಗೈ ಅಗಲಿಸಿ ತೋರಿಸಿದರು. ಅಂಗೈಯಷ್ಟು ಎಂದರೆ ಒಂದು ವರ್ಷದ ಮೀನು, ಹೆಚ್ಚೆಂದರೆ ಎರಡರದ್ದು. ಇನ್ನೂ ಮೊಟ್ಟೆಯ ಮುಖ ನೋಡದವು.

ಇಲಾಖೆಗೆ ಹೇಳಿಬಿಡುತ್ತೇನೆ ಎಂದು ಅತ್ತಿಗೆ ಆಗಲೇ ನಿಶ್ಚಯಿಸಿದರು. ನನ್ನ ಗಂಡ ಗೋಗರೆದರು, ನಿನ್ನ ಹೆಸರು ಮಣ್ಣುಪಾಲಾಗುತ್ತದೆ ಎಂದರು. ಅತ್ತಿಗೆಯ ಲೆಕ್ಕ ಬೇರೆ ಇತ್ತು. ಆ ಮರಿಗಳು ಇನ್ನೂ ಬಂಡೆಯ ಸುತ್ತ ಇವೆ. ಈ ವರ್ಷವೇ ಅಲ್ಲಿ ಬಲೆ ಬಿಡುವುದನ್ನು ನಿಲ್ಲಿಸಿದರೆ ಮೂರು ವರ್ಷದಲ್ಲಿ ಅವು ಮೊಟ್ಟೆ ಇಡುತ್ತವೆ. ಈ ವರ್ಷ ತಪ್ಪಿದರೆ ಮೊಟ್ಟೆ ಇಡಲು ಯಾವುದೂ ಉಳಿಯುವುದಿಲ್ಲ. ನನ್ನ ಹೆಸರು ತೊಳೆದುಕೊಂಡು ಕುಡಿಯಬೇಕಾ ಎಂದು ಹೇಳಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರು.

ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು, ನಾನು ಪಾತ್ರೆ ಒರೆಸುತ್ತಿದ್ದಾಗ, ಬೇರೆ ಯಾರದ್ದೋ ಕಥೆ ಹೇಳುವಂತೆ. ಮೇಲಧಿಕಾರಿ ಸಭ್ಯ ಮನುಷ್ಯ. ಕೂರಿಸಿ ಟೀ ತರಿಸಿದರಂತೆ, ಪೂರ್ತಿ ಕೇಳಿದರಂತೆ, ನೀವು ಪ್ರಾಮಾಣಿಕರು ಎಂದರಂತೆ. ಆಮೇಲೆ ಸಮಿತಿ ಕೂತು ಆರು ವರ್ಷದ ಲೆಕ್ಕವನ್ನೆಲ್ಲ ಹೊಡೆದುಹಾಕಿತು. ಅಷ್ಟರವರೆಗೆ ಸರಿಯೇ. ಅತ್ತಿಗೆ ಕಾದಿದ್ದು ಮುಂದಿನ ಮಾತಿಗೆ. ಲೆಕ್ಕವೇ ಇಲ್ಲವೆಂದ ಮೇಲೆ ಮೀನು ಕಡಿಮೆಯಾಗಿದೆ ಎನ್ನಲು ಆಧಾರವೇನು? ಆಧಾರವಿಲ್ಲದೆ ಮಿತಿ ಬದಲಿಸುವಂತಿಲ್ಲ. ಹೊಸದಾಗಿ ಐದು ವರ್ಷ ಬುಟ್ಟಿ ತನ್ನಿ, ಎಣಿಸಿ, ಆಮೇಲೆ ನೋಡೋಣ. ಅಲ್ಲಿಯವರೆಗೆ ಹಳೆಯ ಮಿತಿಯೇ ಇರಲಿ ಎಂದರಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರೂ ಒಂದೇ, ಹೇಳಿದರೂ ಒಂದೇನಾ ಎಂದು ಕೇಳಿದೆ. ಅತ್ತಿಗೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅವ್ರು ಹೇಳಿದ್ದು ತಪ್ಪಲ್ಲ ಕಣೇ. ನಾನು ಅವ್ರ ಜಾಗದಲ್ಲಿದ್ರೂ ಅದನ್ನೇ ಹೇಳ್ತಿದ್ದೆ. ಮೀನಿಗೆ ಕಾಯೋಕೆ ಐದು ವರ್ಷ ಇಲ್ಲ, ಅಷ್ಟೇ."

ಹೊಸ ಎಣಿಕೆ ಶುರುವಾಯಿತು. ನನ್ನ ಗಂಡ ಆರಿಸುವುದನ್ನು ಬಿಟ್ಟರು. ಕೈಗೆ ಬಂದದ್ದೇ ಬುಟ್ಟಿಗೆ. ಒಂದು ಉಂಗುರ, ಒಂದು ಉಂಗುರ, ಎರಡು. ಮಾರನೇ ವರ್ಷ ಉಂಗುರವೇ ಮೂಡದವು ಬಂದವು, ಬುಟ್ಟಿಯ ತಳವೂ ಮುಚ್ಚುತ್ತಿರಲಿಲ್ಲ. ಕಲ್ಲುಗಳು ಎಷ್ಟು ಚಿಕ್ಕವೆಂದರೆ ಕೊಯ್ಯಲು ಹೋದರೆ ಪುಡಿಯಾಗುತ್ತಿದ್ದವಂತೆ. ಬಂದರಿನ ಹೆಂಗಸರು ಅತ್ತಿಗೆಯನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವರು ಅದನ್ನು ಗಮನಿಸಿಯೂ ಗಮನಿಸದಂತೆ ದಾಟಿಹೋಗುತ್ತಿದ್ದರು.

ಮೂರನೆಯ ವರ್ಷದ ಒಂದು ಬೆಳಿಗ್ಗೆ ದೋಣಿ ಬಂತು. ಅತ್ತಿಗೆಗೆ ಅಂದು ರಜೆ. ನನ್ನ ಗಂಡ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಕೈಯಲ್ಲಿ ನೀಲಿ ಬುಟ್ಟಿ.

"ಕೆಂಪು ಮೀನು ಒಂದೂ ಸಿಗಲಿಲ್ಲ ಅಕ್ಕ. ಖಾಲಿ ತಂದಿದ್ದೀನಿ."

ಅತ್ತಿಗೆ ಬುಟ್ಟಿ ಇಸಕೊಂಡು, ಏನೋ ಇದೆ ಎಂಬಂತೆ ಒಳಗೆ ನೋಡಿದರು. ಹಜಾರದಿಂದಲೇ ಪ್ರಯೋಗಾಲಯಕ್ಕೆ ಫೋನ್ ಮಾಡಿ ಖಾಲಿ ಬುಟ್ಟಿಯನ್ನು ಲೆಕ್ಕದಲ್ಲಿ ಹೇಗೆ ತೋರಿಸಬೇಕು ಎಂದು ಕೇಳಿದರು. ಮೀನು ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಈ ತಿಂಗಳನ್ನು ಬಿಟ್ಟು ಐದು ವರ್ಷದ ಕೊನೆಗೆ ಒಂದು ತಿಂಗಳು ಸೇರಿಸಿಕೊಳ್ಳಿ ಎಂದು ಆ ಕಡೆಯಿಂದ ಹೇಳಿದರಂತೆ. ಆಗಲಿ ಎಂದು ಅತ್ತಿಗೆ ಫೋನ್ ಇಟ್ಟರು. ಬುಟ್ಟಿಯನ್ನು ನಲ್ಲಿಯ ಕೆಳಗೆ ತೊಳೆದು, ಗೋಡೆಯ ಬದಿಗೆ ಬೋರಲು ಹಾಕಿ, ಮೇಜಿನ ಮುಂದೆ ಬಂದು ಕೂತರು.

"ಬಡಿಸು," ಎಂದರು ನನಗೆ.

ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಅನ್ನ ಆಗಷ್ಟೇ ಇಳಿದಿತ್ತು, ಸಾರು ಕುದಿಯುತ್ತಿತ್ತು. ನಾನು ಬಡಿಸಿದೆ. ನನ್ನ ಗಂಡ ಎದುರಿಗೆ ಕೂತು ಎಂದಿನಂತೆ ಅವರ ತಟ್ಟೆಯನ್ನೇ ನೋಡುತ್ತಿದ್ದರು. ಅತ್ತಿಗೆ ಒಂದೊಂದೇ ತುತ್ತು ಕಲಸಿ, ಬಾಯಿಗಿಟ್ಟು, ಅಗಿದು, ನುಂಗಿದರು. ನಡುನಡುವೆ ನೀರು ಕುಡಿದು ಮುಂದುವರಿಸಿದರು. ತಟ್ಟೆ ಖಾಲಿಯಾಯಿತು. ಇನ್ನೊಂದು ಸಲ ಹಾಕು ಎಂದರು. ಹಾಕಿದೆ. ಅದನ್ನೂ ಒಂದಗುಳು ಬಿಡದೆ ಉಂಡರು.

ಅಕ್ಕ ಉಂಡಿದ್ದನ್ನು ನೋಡಿ ನನ್ನ ಗಂಡನ ಮುಖ ಸ್ವಲ್ಪ ಸಡಿಲವಾಯಿತು. ಅವರೂ ತಟ್ಟೆ ಹತ್ತಿರ ಎಳೆದುಕೊಂಡರು.

"ಖಾಲಿ ಇದ್ರೂ ಸರಿ, ಮುಂದಿನ ತಿಂಗಳೂ ಹೀಗೇ ತಾ," ಎಂದರು ಅತ್ತಿಗೆ, ಕೈ ತೊಳೆಯಲು ಏಳುತ್ತ.