ಹಾಯಿ ಹಿಡಿದ ಕಾಕಾ

ನಮ್ಮ ಕಾಕಾ ಸಮುದ್ರದ ಮನುಷ್ಯ. ಹೊಳೆದಂಡೆಯ ಘೋಡಗೇರಿಯಲ್ಲಿ ಹುಟ್ಟಿ, ಕಬ್ಬು ಬೆಳೆದು, ಹುಕ್ಕೇರಿ ಸಂತೆಯಿಂದಾಚೆ ಹೋಗಲು ಬೇಸರಪಡುವವರು ಸಮುದ್ರದ ಮನುಷ್ಯ ಹೇಗಾದರು ಎಂದು ಕೇಳಬೇಡಿ, ಕೇಳಿದರೆ ಹೇಳಿಯೇ ಬಿಡುತ್ತಾರೆ. ಲಗ್ನಕ್ಕೆ ಮೊದಲು ಬೆಲ್ಲದ ಲಾರಿಯ ಕ್ಲೀನರ್ ಆಗಿ ಕಡಲದಂಡೆಯ ಮಾಲವಣಕ್ಕೆ ಹೋಗಿದ್ದರಂತೆ. ಹಾಯಿದೋಣಿ ಹತ್ತಿ ನೀರಿನ ನಡುವಿನ ಕೋಟೆಗೆ ಹೊರಟಾಗ ಬಿರುಗಾಳಿ ಎದ್ದಿತಂತೆ. ಇವರೇ ಹಾಯಿಯ ಹಗ್ಗ ಹಿಡಿದು ಎಲ್ಲರ ಜೀವ ಉಳಿಸಿದರಂತೆ. ಕರೆಂಟು ಹೋದರೂ, ಟ್ರ್ಯಾಕ್ಟರ್ ಕೆಸರಿನಲ್ಲಿ ಸಿಕ್ಕರೂ ಒಂದೇ ಮಾತು: "ಸಮುದ್ರದಾಗ ಹಾಯಿ ಹಿಡದಾಂವಗ ಇದ್ಯಾವ ಲೆಕ್ಕ!" ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿತ್ತು.

ಹೋದ ಚಳಿಗಾಲದಲ್ಲಿ ನಾನೇ ಒಂದು ಗಾಡಿ ಮಾಡಿ ಕಾಕಾ, ಕಾಕು ಇಬ್ಬರನ್ನೂ ಮಾಲವಣಕ್ಕೆ ಹೊರಡಿಸಿದೆ. ಕಾಕಾ ಮೊಣಕಾಲು ನೋವು, ಕಬ್ಬಿಗೆ ನೀರಿನ ಪಾಳಿ ಎಂದು ಏನೇನೋ ನೆಪ ತೆಗೆದರು. ಕಾಕು ಮಾತ್ರ ರೊಟ್ಟಿ, ಶೇಂಗಾ ಚಟ್ನಿ, ಕಡುಬು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಗಾಡಿಯಲ್ಲಿ ಕೂತಳು. "ಲಗ್ನ ಆದಾಗಿಂದ ಕೇಳಾಕತ್ತೇನಿ. ಒಮ್ಮೆ ಕಣ್ಣೀಲೆ ನೋಡ್ತೇನಿ, ನಡೀರಿ."

ಹಳೆಯ ಬಂದರಿನ ತುಂಬ ಒಣಮೀನಿನ ವಾಸನೆ. ಕೋಟೆಗೆ ಹೋಗಲು ಮೋಟಾರು ದೋಣಿಗಳು ಸಾಲಾಗಿ ನಿಂತಿದ್ದವು. ಕಾಕು ಕೇಳಲಿಲ್ಲ, ಹಾಯಿದೋಣಿಯೇ ಬೇಕೆಂದಳು. ಹುಡುಕಾಡಿ ಒಬ್ಬ ಮುದುಕ ಅಂಬಿಗನನ್ನು ಒಪ್ಪಿಸಿದೆ. ಅಷ್ಟು ಹೊತ್ತೂ ನೀರನ್ನೇ ನೋಡುತ್ತ ನಿಂತಿದ್ದ ಕಾಕಾ ಅವನನ್ನು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು: ಈ ನೀರು ಯಾವ ಕಡೆ ಹರಿಯುತ್ತದೆ? ಆಚೆ ದಂಡೆಗೆ ಯಾವ ಊರು?

ಹೊಳೆದಂಡೆಯವರು ಬೇರೇನು ಕೇಳಿಯಾರು! ಅಂಬಿಗ ಬಿದ್ದುಬಿದ್ದು ನಕ್ಕ. ಸಿಕ್ಕಿಬಿದ್ದಿರಲ್ಲ ಕಾಕಾ ಎನ್ನಲು ನಾನು ಬಾಯಿ ತೆರೆದೆ. ಕಾಕು ನನ್ನ ರಟ್ಟೆ ಚಿವುಟಿದಳು.

"ಸುಮ್ನಿರು. ಈ ಒಂದ ಮಾತಿನ ಮ್ಯಾಲ ಊರಾಗ ಎದಿ ಸೆಟಿಸಿ ಅಡ್ಡಾಡ್ತಾರ. ಅದನ್ನೂ ಕಸ್ಗೊಂತೀಯೇನು?"

ದೋಣಿ ಹೊರಟಿತು. ಗಾಳಿ ಹೊಡೆದು ಒಂದು ಕಡೆ ವಾಲಿದ್ದೇ ತಡ, ನಮ್ಮ ಶೂರರು ಹಾಯಿಯ ಕಂಬ ಅಪ್ಪಿಕೊಂಡು ಕಣ್ಣು ಮುಚ್ಚಿದರು. "ಯಪ್ಪಾ, ಸತ್ನೆಪ್ಪೋ! ತಿರುಗಸ್ರಿ!"

ತಿರುಗಿಸಿದರೆ ಮುಗಿಯಿತು, ಊರಿನಲ್ಲಿ ಮುಖ ತೋರಿಸುವಂತಿಲ್ಲ. ಕಾಕು ಬುತ್ತಿ ಬಿಚ್ಚಿದಳು.

"ಏನ್ರಿ, ಏಳ್ರಿ. ಚರಗ ಚೆಲ್ಲೂನು."

ಬೆಳೆದು ನಿಂತ ಹೊಲಕ್ಕೆ ವರ್ಷಕ್ಕೊಮ್ಮೆ ಉಣಿಸುವುದು ನಮ್ಮ ರೂಢಿ. ಕಾಕಾ ಮುಂದೆ ಕೂಗು ಹಾಕಿ ಅನ್ನ ಚೆಲ್ಲುತ್ತ ನಡೆದರೆ ಕಾಕು ಹಿಂದೆ ಆ ಕೂಗಿಗೆ ಓಗೊಡುತ್ತ ನೀರು ಚಿಮುಕಿಸುತ್ತಾಳೆ.

ಕಾಕಾ ಒಂದು ಕಣ್ಣು ತೆರೆದರು. "ಹುಚ್ಚಿ, ಇದೇನ್ ಹೊಲಾ ಏನು?"

"ಇಷ್ಟ ದೊಡ್ಡ ಹೊಲಾ ಉಪವಾಸ ಕೆಡವಿ ಹೋಗೂದೇನ್ರಿ?"

ಒಕ್ಕಲಿಗನಿಗೆ ಆ ಮಾತು ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದೇ ರೊಟ್ಟಿ ಮುರಿದು ಎಸೆದರು. "ಹುಲ್ಲುಲ್ಲಿಗೋ!" ಹಿಂದಿನಿಂದ ಕಾಕು, "ಚಲ್ಲಂಬ್ರಿಗೋ!" ಎಲ್ಲಿದ್ದವೋ ಏನೋ, ಬೆಳ್ಳಗಿನ ಕಡಲಹಕ್ಕಿಗಳು ಹಿಂಡುಗಟ್ಟಿ ಬಂದು ಕೈಯಿಂದಲೇ ಕಡುಬು ಕಸಿಯತೊಡಗಿದವು. ಕಾಕಾಗೆ ಸಿಟ್ಟು ನೆತ್ತಿಗೇರಿತು. ಜೋಳದ ಹೊಲ ಕಾಯುವವರಂತೆ ಎರಡೂ ಕೈ ಬೀಸುತ್ತ "ಹೋ! ಹೋ!" ಎಂದು ಕೂಗಾಡಿದರು. ಕಂಬ ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ. ನನ್ನ ಪಾಲಿನ ಕಡುಬೂ ಹಕ್ಕಿಗಳ ಪಾಲಾಯಿತು, ಕೇಳುವವರು ಯಾರು?

ಕೋಟೆಯೊಳಗೆ ಸಿಹಿನೀರಿನ ಬಾವಿಗಳಿವೆ. ಖಾಲಿ ಹೊಟ್ಟೆಯಲ್ಲಿ ಆ ನೀರನ್ನೇ ಕುಡಿದೆ. ಕಾಕಾ ಆಗಲೇ ಯಾರೋ ಪ್ರವಾಸಿಗರಿಗೆ ಕೋಟೆಯ ಚರಿತ್ರೆ ಹೇಳುತ್ತಿದ್ದರು.

ವಾಪಸು ಬರುವಾಗ ಅವರು ತಾವಾಗಿಯೇ ಹಗ್ಗ ಕೇಳಿದರು. ಅಂಬಿಗ ನಗದೆ ಒಂದು ಹಗ್ಗ ಕೊಟ್ಟ. ದಂಡೆ ಮುಟ್ಟುವ ತನಕ ಕಾಕಾ ಅದನ್ನು ಹಲ್ಲು ಕಚ್ಚಿ ಹಿಡಿದಿದ್ದರು. ಅದರ ಇನ್ನೊಂದು ತುದಿ ಯಾವುದಕ್ಕೂ ಕಟ್ಟಿರಲಿಲ್ಲ. ನಾನೂ ನೋಡಿದೆ, ಕಾಕುವೂ ನೋಡಿದಳು.

ಊರಿಗೆ ಬಂದ ಮೇಲೆ ಬಾಜೂ ಮನೆಯಾಕೆ ಕೇಳಿಯೇ ಬಿಟ್ಟಳು: "ಖರೇನ ಹಾಯಿ ಹಿಡೀತಾರೇನ್ರಿ ಇವರು?"

"ಹಿಡದದ್ದು ನನ್ನ ಕಣ್ಣೀಲೆ ನೋಡೇನ್ರಿ," ಎಂದಳು ಕಾಕು.

ಏನೋ ಹೇಳಲು ಬಾಯಿ ತೆರೆದಿದ್ದ ಕಾಕಾ ಅವಳ ಮುಖ ನೋಡಿ ಹಾಗೇ ಮುಚ್ಚಿದರು. ಈಗ ಕರೆಂಟು ಹೋದರೆ ಮಾತಿಲ್ಲದೆ ಎದ್ದು ದೀಪ ಹಚ್ಚುತ್ತಾರೆ. ಕತ್ತಲಲ್ಲಿ ಕೂತ ಕಾಕುವೇ ಅನ್ನುತ್ತಾಳೆ:

"ಸಮುದ್ರದಾಗ ಹಾಯಿ ಹಿಡದವರಿಗೆ ಇದ್ಯಾವ ಲೆಕ್ಕ ಬಿಡ್ರಿ!"